ಪ್ಲೈವುಡ್ಡಿನ ಆಚೆ ಕೂತ ಸ್ವತಂತ್ರ ತಪಾಸಕ

ನಾನು ಒಮಾನಿನಲ್ಲಿ ಮೂರು ವರ್ಷ ಸ್ವತಂತ್ರ ತಪಾಸಕನಾಗಿದ್ದೆ. ದೇಶಗಳು ಸ್ವತಂತ್ರವಾಗಲು ಪಟ್ಟ ಪಾಡನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದವನಿಗೆ ನನ್ನ ಸ್ವಾತಂತ್ರ್ಯ ಇಷ್ಟು ಸಲೀಸಾಗಿ ಬಂದದ್ದು ಆಶ್ಚರ್ಯವೇ. ಎಂಬತ್ತರ ದಶಕದ ನಡುವಿನ ಒಂದು ಶನಿವಾರ, ಅಂದರೆ ಅಲ್ಲಿನ ವಾರದ ಮೊದಲ ದಿನ, ಅಲ್ ಖುವೈರಿನ ನಮ್ಮ ಆಫೀಸಿಗೆ ಹೋದಾಗ ಬಡಗಿಯೊಬ್ಬ ನನ್ನ ಮೇಜಿಗೂ ಉಳಿದವರ ಮೇಜುಗಳಿಗೂ ನಡುವೆ ಪ್ಲೈವುಡ್ ಹೊಡೆಯುತ್ತಿದ್ದ. ಪ್ಲೈವುಡ್ ಚಾವಣಿಯ ತನಕ ಹೋಗಲಿಲ್ಲ. ಮೇಲೆ ಎರಡು ಅಡಿ ಬಿಟ್ಟಿದ್ದರು, ಏಕೆಂದರೆ ಎರಡೂ ಕಡೆಗೆ ಸೇರಿ ಇದ್ದದ್ದು ಒಂದೇ ಏಸಿ.

"ಇವತ್ತಿನಿಂದ ನೀವು ಇಂಡಿಪೆಂಡೆಂಟ್," ಎಂದರು ನಮ್ಮ ಮ್ಯಾನೇಜರ್. "ಚಹಾ ಮಾತ್ರ ಈ ಕಡೆ ಬಂದೇ ಕುಡಿಯಿರಿ."

ನಮ್ಮದು ಅಡುಗೆಯ ಮತ್ತು ಸ್ವಚ್ಛತೆಯ ಗುತ್ತಿಗೆ ಹಿಡಿಯುವ ಕಂಪನಿ. ಕಾರ್ಖಾನೆಗಳ ಕ್ಯಾಂಟೀನು, ಕೆಲಸಗಾರರ ಕ್ಯಾಂಪು ಎಂದು ಶುರುವಾದದ್ದು ಆ ವರ್ಷ ಒಂದು ಬಂಧನಾಲಯದ ತನಕ ಬೆಳೆದಿತ್ತು. ಅಲ್ಲಿದ್ದವರು ಕೊಲೆಗಾರರೋ ದರೋಡೆಕೋರರೋ ಅಲ್ಲ. ವೀಸಾ ಮುಗಿದವರು, ವೀಸಾ ಕೊಟ್ಟ ಧಣಿ ಕಫೀಲನನ್ನು ಬಿಟ್ಟು ಬೇರೆ ಕಡೆ ಕೆಲಸಕ್ಕೆ ಸೇರಿ ಸಿಕ್ಕಿಬಿದ್ದವರು, ಪಾಸ್‌ಪೋರ್ಟು ಬರುವ ತನಕ, ಟಿಕೆಟ್ಟು ಆಗುವ ತನಕ ಕಾಯುತ್ತ ಕೂತವರು. ಅವರ ಊಟ, ನೀರು, ನೆಲ, ಕಕ್ಕಸು ಎಲ್ಲ ನಮ್ಮ ಕಂಪನಿಯ ಪಾಲು. ಗುತ್ತಿಗೆಯ ಕಾಗದದಲ್ಲಿ ಯಾರೋ ಪುಣ್ಯಾತ್ಮರು ಒಂದು ಸಾಲು ಸೇರಿಸಿದ್ದರು: ಎರಡು ತಿಂಗಳಿಗೊಮ್ಮೆ ಸ್ವತಂತ್ರ ತಪಾಸಕರೊಬ್ಬರು ಹೋಗಿ ಎಲ್ಲವನ್ನೂ ನೋಡಿ ವರದಿ ಕೊಡಬೇಕು. ಬರೆದವರ ಮನಸ್ಸು ಒಳ್ಳೆಯದೇ ಇರಬೇಕು. ಆ ತಪಾಸಕರನ್ನು ಹುಡುಕುವವರು ಯಾರು ಎಂದು ಬರೆಯಲು ಮಾತ್ರ ಮರೆತಿದ್ದರು, ಹಾಗಾಗಿ ಆ ಕಷ್ಟವನ್ನು ನಮ್ಮ ಕಂಪನಿಯೇ ತೆಗೆದುಕೊಂಡಿತು.

ನಾನು ಅದುವರೆಗೆ ಅಲ್ಲಿ ಟೈಪಿಸ್ಟ್. ಮನೆಮಾತು ತುಳು, ಓದಿದ್ದು ಕನ್ನಡ, ಹಿಂದಿ ಬರುತ್ತಿತ್ತು, ಬ್ಯಾರಿ ಭಾಷೆ ಅರ್ಥವಾಗುತ್ತಿತ್ತು, ಇಂಗ್ಲಿಷು ಟೈಪ್ ಮಾಡುವಷ್ಟು, ಅರಬ್ಬಿ ಟ್ಯಾಕ್ಸಿ ಹಿಡಿಯುವಷ್ಟು. ಈ ಯೋಗ್ಯತೆಯ ಮೇಲೆ ನನ್ನನ್ನು ಆರಿಸಿದರು. ಮತ್ರಾದ ಗಲ್ಲಿಯೊಂದರಲ್ಲಿ ಕೂತಿದ್ದ ಮುದ್ರಣದವನ ಹತ್ತಿರ ಬೇರೆ ಲೆಟರ್‌ಹೆಡ್ ಮಾಡಿಸಿದರು, ಬೇರೆ ರಬ್ಬರ್ ಸ್ಟಾಂಪ್ ಮಾಡಿಸಿದರು. ಸ್ಟಾಂಪಿನಲ್ಲಿ ನಡುವೆ ಒಂದು ತಕ್ಕಡಿಯ ಚಿತ್ರ. ತಕ್ಕಡಿ ಯಾಕೆ ಎಂದು ಕೇಳಿದ್ದಕ್ಕೆ ಮ್ಯಾನೇಜರು, ಅವನ ಹತ್ತಿರ ತಯಾರಿದ್ದದ್ದು ತಕ್ಕಡಿ ಮತ್ತು ಹಡಗು ಎರಡೇ ಎಂದರು. ಊರಿಗೆ ಕಾಗದ ಬರೆದು ಹೆಂಡತಿಗೆ ಪ್ರಮೋಷನ್ ಆಯಿತೆಂದು ತಿಳಿಸಿದೆ, ಅವಳು ದೇವಸ್ಥಾನದಲ್ಲಿ ಹೂವಿನ ಪೂಜೆ ಮಾಡಿಸಿದಳು.

ತಪಾಸಣೆಗೆ ಒಂದು ಪದ್ಧತಿ ಇತ್ತು. ಭಾನುವಾರ ನಾನು ಟೈಪ್ ಮಾಡುತ್ತಿದ್ದೆ, ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ತಪಾಸಕರು ಬರುತ್ತಾರೆ ಎಂದು. ಪ್ಲೈವುಡ್ಡಿನ ಮೇಲಿನ ಸಂದಿಯಿಂದ ಆ ಕಾಗದವನ್ನು ನಮ್ಮ ಸೂಪರ್‌ವೈಸರನ ಕೈಗೆ ದಾಟಿಸುತ್ತಿದ್ದೆ. ಅವನು ಸೋಮವಾರ ಎಂಟು ಜನರನ್ನು ಕರಕೊಂಡು ಹೋಗಿ ನೆಲಕ್ಕೆ ಫಿನೈಲು, ಗೋಡೆಗೆ ಸುಣ್ಣ, ಕಕ್ಕಸಿಗೆ ಹೊಸ ಬಕೆಟ್ಟು, ಪ್ರತಿಯೊಬ್ಬನ ಕೈಗೆ ಹೊಸ ಸಾಬೂನು ಮಾಡಿ ಬರುತ್ತಿದ್ದ. ಮಂಗಳವಾರ ನಾನು ಹೋಗುವಾಗ ಸುಣ್ಣ ಹಸಿಯಿರುತ್ತಿತ್ತು. ಅಂಗಿಗೆ ತಾಗದ ಹಾಗೆ ಕೈ ಮೈಗೆ ಅಂಟಿಸಿಕೊಂಡು ನಡೆಯುವುದನ್ನು ಮೊದಲ ವರ್ಷದಲ್ಲೇ ಕಲಿತೆ.

ಆ ದಿನ ಅವರಿಗೆ ಕೋಳಿ ಬಿರಿಯಾನಿ, ಮೇಲೆ ತುಪ್ಪ ಜಿನುಗುವ ಹಲ್ವ. ಬೇರೆ ದಿನ ಬೇಳೆಯ ನೀರು ಮತ್ತು ಖುಬ್ಬೂಸು, ಅಂದರೆ ಅಲ್ಲಿನ ಚಪ್ಪಟೆ ರೊಟ್ಟಿ. ಇದು ನನಗೆ ಗೊತ್ತಿರಲಿಲ್ಲ ಎಂದು ಹೇಳಿದರೆ ಯಾರೂ ನಂಬಬೇಕಾಗಿಲ್ಲ. ತಿಂಗಳಿಗೆ ಎಷ್ಟು ಬೇಳೆ ಬೇಕೆಂಬ ಇಂಡೆಂಟನ್ನು ಟೈಪ್ ಮಾಡುತ್ತಿದ್ದವನು ನಾನೇ, ಮೇಜು ಪ್ಲೈವುಡ್ಡಿನ ಈ ಕಡೆ ಬಂದ ಮೇಲೂ. ಕೈದಿಗಳು ನನ್ನನ್ನು ಕಂಡರೆ ಎದ್ದು ನಿಂತು ನಗುತ್ತಿದ್ದರು. ಒಬ್ಬ ಬಾಂಗ್ಲಾದೇಶಿ ನನ್ನ ಕೈ ಹಿಡಿದು, ಸಾಹೇಬರು ವಾರಕ್ಕೊಂದು ಸಲ ಬರಬೇಕು ಎಂದ. ನನ್ನ ಕೆಲಸಕ್ಕೆ ಸಿಕ್ಕಿದ ಮೆಚ್ಚುಗೆ ಅದು ಎಂದು ತಿಳಿದು ನಾನು ಅದನ್ನೂ ವರದಿಯಲ್ಲಿ ಸೇರಿಸಿದೆ.

ವರದಿಯ ಫಾರಮಿನಲ್ಲಿ ಹದಿನೆಂಟು ಪ್ರಶ್ನೆಗಳು. ಎದುರಿಗೆ ಎರಡು ಚೌಕ, ಒಂದು ಹೌದು, ಒಂದು ಇಲ್ಲ. ಬಂಧಿತರಿಗೆ ದೊರೆಯುವ ಆಹಾರ ಸಾಕಷ್ಟಿದೆಯೇ ಎಂಬುದು ನಾಲ್ಕನೆಯ ಪ್ರಶ್ನೆ. ಇದನ್ನು ಒಬ್ಬೊಬ್ಬರನ್ನೂ ಅವರ ಭಾಷೆಯಲ್ಲೇ ಕೇಳಬೇಕೆಂದಿತ್ತು. ಇಂಗ್ಲಿಷಿನಲ್ಲಿ ಅಷ್ಟು ಉದ್ದಕ್ಕಿದ್ದುದನ್ನು ನಮ್ಮ ಭಾಷೆಯಲ್ಲಿ ಹೇಗೆ ಕೇಳುವುದು? ನಾನು ನಮ್ಮ ಊರಲ್ಲಿ ಕೇಳುವ ಹಾಗೆ ಕೇಳುತ್ತಿದ್ದೆ. ಕರಾವಳಿಯವರಿಗೆ ತುಳುವಿನಲ್ಲಿ "ಒಣಸ್ ಆಂಡಾ?", ಕನ್ನಡದಲ್ಲಿ "ಊಟ ಆಯ್ತಾ?", ಉಳಿದವರಿಗೆ ಹಿಂದಿಯಲ್ಲಿ ಅದನ್ನೇ.

ಈ ಪ್ರಶ್ನೆಗೆ ನಮ್ಮ ಕಡೆ ಇರುವುದು ಒಂದೇ ಉತ್ತರ. ಬೀಡಿ ಕಟ್ಟಿ ಮೂರು ದಿನ ಮಜೂರಿ ಸಿಗದ ಹೆಂಗಸೂ ಅಂಗಳದಲ್ಲಿ ನಿಂತು ಕೇಳಿದವರಿಗೆ "ಆಯ್ತು, ನಿಮ್ದು?" ಎಂದೇ ಹೇಳುತ್ತಾಳೆ. ಆಗಿಲ್ಲ ಎಂದರೆ ಕೇಳಿದವರ ಮನೆಯಲ್ಲಿ ಎಲೆ ಹಾಕಿ ಎಂದ ಹಾಗೆ. ಅಷ್ಟು ನಾಚಿಕೆಗೆಟ್ಟವರು ನಮ್ಮಲ್ಲಿ ಹುಟ್ಟುವುದಿಲ್ಲ, ಹುಟ್ಟಿದರೂ ಒಮಾನಿಗೆ ಬರುವುದಿಲ್ಲ. ಹಾಗಾಗಿ ನಾಲ್ಕನೆಯ ಪ್ರಶ್ನೆಗೆ ಮೂರು ವರ್ಷ ಒಬ್ಬನೂ ಇಲ್ಲವೆನ್ನಲಿಲ್ಲ. ಆಹಾರದ ಬಗ್ಗೆ ಬಂಧಿತರಲ್ಲಿ ಸಂಪೂರ್ಣ ತೃಪ್ತಿ ಎಂದು ನಾನು ಟೈಪ್ ಮಾಡುತ್ತಿದ್ದೆ. ಆ ವಾಕ್ಯ ನನಗೆ ಬಹಳ ಹಿಡಿಸಿತ್ತು.

ಬಂಧನಾಲಯದ ಮುಖ್ಯಸ್ಥರ ಬಗ್ಗೆಯೂ ಹೇಳಬೇಕು. ಬಿಳಿ ಗಡ್ಡದ ಸಭ್ಯ ಒಮಾನಿ. ಹೋದ ತಕ್ಷಣ ಖರ್ಜೂರ, ಸಣ್ಣ ಪಿಂಗಾಣಿ ಬಟ್ಟಲಿನಲ್ಲಿ ಅಲ್ಲಿನ ಕಾಫಿ ಕಹ್ವಾ. ನನ್ನ ವರದಿಯನ್ನು ಅವರು ಯಾರಿಂದಲೋ ಓದಿಸಿ ಗಮನವಿಟ್ಟು ಕೇಳುತ್ತಿದ್ದರು. ತಪ್ಪಿದ್ದರೆ ಹೇಳಿ, ಸರಿಮಾಡಿಸುತ್ತೇನೆ ಎಂದು ಪ್ರತಿ ಸಲವೂ ಹೇಳುತ್ತಿದ್ದರು. ಆ ಮಾತು ಅವರು ಸುಮ್ಮನೆ ಹೇಳಿದ್ದಲ್ಲವೆಂದು ನನಗೆ ಆಮೇಲೆ ತಿಳಿಯಿತು. ಅವರಿಗೆ ಒಳಗಿನ ಸಂಗತಿ ಕಾಣಬೇಕಾದದ್ದು ನನ್ನ ಕಣ್ಣಿನಿಂದ, ನಾನು ಕಣ್ಣನ್ನು ಪ್ಲೈವುಡ್ಡಿನ ಆ ಕಡೆ ಬಿಟ್ಟು ಬಂದಿದ್ದೆ.

ಮೂರನೆಯ ವರ್ಷದ ಬೇಸಿಗೆಗೆ ಮೊದಲು ಅಲ್ಲಿಗೆ ನಮ್ಮ ಕಡೆಯವರೊಬ್ಬರು ಬಂದರು. ಬಂಟ್ವಾಳದ ಹತ್ತಿರದ ಬ್ಯಾರಿ, ಐವತ್ತರ ಆಸುಪಾಸು, ರುಸೈಲಿನ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವರು. ವೀಸಾ ಒಬ್ಬ ಕಫೀಲನದ್ದು, ಕೆಲಸ ಇನ್ನೊಬ್ಬನ ಹತ್ತಿರ. ಆ ತಪ್ಪಿಗೆ ಹಿಡಿದು ತಂದಿದ್ದರು. ಮೊದಲ ಕಫೀಲ ಪಾಸ್‌ಪೋರ್ಟು ಕೊಡದೆ ಸತಾಯಿಸುತ್ತಿದ್ದ. ನನ್ನ ಮಾತು ಕೇಳಿದ ಕೂಡಲೆ ಅವರ ಮುಖ ಅರಳಿತು.

"ಊಟ ಆಯ್ತಾ?" ಎಂದೆ.

"ಆಯ್ತು ಸಾರ್. ನಿಮ್ದು?"

"ಆಯ್ತು," ಎಂದು ನಾನು ನಾಲ್ಕನೆಯ ಚೌಕಕ್ಕೆ ಗೀಟು ಹಾಕಿದೆ.

ಅವರು ಕಾವಲಿನವನ ಕಡೆ ಒಮ್ಮೆ ನೋಡಿ ಮೆಲ್ಲ ಹೇಳಿದರು. "ಸಾರ್, ನಿಮಗೆ ತೊಂದರೆ ಆಗುವುದಿಲ್ಲ ಅಂತಾದ್ರೆ ಒಂದು ಉಪಕಾರ. ರುಸೈಲಿನ ಕ್ಯಾಂಪಲ್ಲಿ ನನ್ನ ಪೆಟ್ಟಿಗೆ ಉಂಟು. ಅದ್ರೊಳಗೆ ಮಾತ್ರೆಯ ಡಬ್ಬಿ ಉಂಟು. ಅದೊಂದು ಸಿಕ್ಕಿದ್ರೆ ಸಾಕಿತ್ತು."

"ನೋಡುವ," ಎಂದೆ.

ಕರಾವಳಿಯ ಯಾವನಿಗೂ ಈ "ನೋಡುವ" ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾತರ ಮಾತ್ರೆ ಎಂದು ನಾನು ಕೇಳಲಿಲ್ಲ. ಫಾರಮಿನಲ್ಲಿ ಅದಕ್ಕೆ ಚೌಕವಿರಲಿಲ್ಲ. ನಮ್ಮ ಕಂಪನಿಯ ವ್ಯಾನು ದಿನವೂ ಬೆಳಿಗ್ಗೆ ರುಸೈಲಿಗೆ ಹೋಗುತ್ತಿತ್ತು, ಡ್ರೈವರನಿಗೆ ಒಂದು ಮಾತು ಹೇಳಿದ್ದರೆ ಸಂಜೆಯೊಳಗೆ ಡಬ್ಬಿ ನನ್ನ ಮೇಜಿನ ಮೇಲೆ ಇರುತ್ತಿತ್ತು. ಎರಡು ಮೂರು ಸಲ ಜ್ಞಾಪಕಕ್ಕೂ ಬಂತು. ಆದರೆ ಸ್ವತಂತ್ರ ತಪಾಸಕನೊಬ್ಬ ಬಂಧಿತನ ಡಬ್ಬಿ ಹೊರುವುದು ಪದವಿಗೆ ತಕ್ಕದ್ದೇ ಎಂಬ ವಿಚಾರ ಮಾಡುವುದರಲ್ಲೇ ಎರಡು ತಿಂಗಳು ಕಳೆಯಿತು.

ಮುಂದಿನ ತಪಾಸಣೆಯ ದಿನ ಅವರು ಎಡಗಾಲಿಗೆ ಲುಂಗಿಯ ಚೂರು ಸುತ್ತಿಕೊಂಡಿದ್ದರು. ಕೈಯಲ್ಲಿ ಹಲ್ವದ ತಟ್ಟೆ.

"ಕಾಲಿಗೆ ಎಂಥ ಆಯ್ತು?" ಎಂದೆ.

"ಎಂಥ ಇಲ್ಲ ಸಾರ್, ಸಣ್ಣ ಗಾಯ. ಚಪ್ಪಲಿ ಕಚ್ಚಿದ್ದು. ಹೋಗ್ತದೆ."

ಮಾತ್ರೆಯ ಸುದ್ದಿ ಅವರು ಎತ್ತಲಿಲ್ಲ. ನನ್ನನ್ನು ಮುಜುಗರಕ್ಕೆ ಒಡ್ಡಬಾರದೆಂದು ಎತ್ತಲಿಲ್ಲ, ಇದು ನನಗೆ ಆಗಲೇ ಗೊತ್ತಾಯಿತು, ಗೊತ್ತಾದ್ದಕ್ಕೆ ಹಾಯೆನಿಸಿತು. ಒಂಬತ್ತನೆಯ ಪ್ರಶ್ನೆ, ಬಂಧಿತರ ಆರೋಗ್ಯ ಉತ್ತಮವೇ. ಹೌದು. ಸ್ಟಾಂಪ್ ಒತ್ತಿದೆ, ತಕ್ಕಡಿ ನೆಟ್ಟಗೆ ಬಂತು.

ಇದಾಗಿ ನಾಲ್ಕು ವಾರಕ್ಕೆ, ಜುಲೈಯ ಒಂದು ಶನಿವಾರ, ಹತ್ತೂವರೆಗೆ ಆಫೀಸಿನ ಫೋನು ಹೊಡೆಯಿತು. ಬಂಧನಾಲಯದ ಮುಖ್ಯಸ್ಥರು. ನೋಡಲು ಯಾರೋ ಬಂದಿದ್ದಾರೆ, ಭಾಷೆ ತಿಳಿದವರು ಬೇಕಂತೆ, ನಿಮ್ಮವರನ್ನು ಕಳಿಸಿ. ಮ್ಯಾನೇಜರ್ ರಿಸೀವರ್ ಕೆಳಗಿಟ್ಟು ಗೋಡೆಯ ಕ್ಯಾಲೆಂಡರ್ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಇವತ್ತು ಯಾರು ಬರುವುದು? ಯಾರೂ ಹೇಳಲೇ ಇಲ್ಲವಲ್ಲ," ಎಂದರು. "ತಪಾಸಣೆಗೆ ಬರುವವರು ಹೇಳಿ ಬರಬೇಕಪ್ಪ. ಒಂದು ಮರ್ಯಾದೆ ಬೇಡವಾ?"

ಹೋಗಿ ನೋಡಿದರೆ ಬಂದವರು ಒಬ್ಬ ಹೆಂಗಸು. ಅರವತ್ತು ದಾಟಿದ ಒಮಾನಿ, ಹುಟ್ಟಿ ಬೆಳೆದದ್ದು ಝಾಂಜಿಬಾರಿನಲ್ಲಿ, ಆಸ್ಪತ್ರೆಯಲ್ಲಿ ಮೇಟ್ರನ್ ಆಗಿ ನಿವೃತ್ತರಾದವರು. ಮೇಲಿನವರು ಯಾರೋ ಅವರನ್ನು ಕೇಳಿಕೊಂಡಿದ್ದರಂತೆ, ಇಂಥ ಜಾಗಗಳಿಗೆ ಆಗಾಗ ಹೋಗಿ ಕಂಡದ್ದನ್ನು ನೇರ ನಮಗೆ ಹೇಳಿ ಎಂದು. ಅವರಿಗೆ ಸಂಬಳವಿಲ್ಲ, ಲೆಟರ್‌ಹೆಡ್ ಇಲ್ಲ, ಸ್ಟಾಂಪಂತೂ ಇಲ್ಲವೇ ಇಲ್ಲ. ಇಂಥವರು ತಪಾಸಣೆ ಮಾಡಿದರೆ ಅದಕ್ಕೆ ಏನು ಬೆಲೆ ಎಂದು ನನಗೆ ನಿಜವಾಗಿ ಅನ್ನಿಸಿತು. ಅವರ ಬಟ್ಟೆ ಚೀಲದಿಂದ ನನ್ನ ವರದಿಗಳ ಕಟ್ಟು ಹೊರಗೆ ಇಣುಕುತ್ತಿತ್ತು.

"ಇದನ್ನು ಬರೆಯುವ ಸ್ವತಂತ್ರ ತಪಾಸಕರು ನೀವೇನಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಹೌದು, ಮೇಡಂ."

"ಚೆನ್ನಾಗಿ ಟೈಪ್ ಮಾಡುತ್ತೀರಿ," ಎಂದರು.

ಆಮೇಲೆ ಅವರು ಮಾಡಿದ್ದನ್ನು ತಪಾಸಣೆ ಎನ್ನುವುದೋ ಮನೆಕೆಲಸ ಎನ್ನುವುದೋ ನನಗೆ ತಿಳಿಯಲಿಲ್ಲ. ಕಹ್ವಾ ಆಮೇಲೆ ಕುಡಿಯುತ್ತೇನೆ ಎಂದು ನೇರ ಕಕ್ಕಸಿಗೆ ಹೋಗಿ ಒಳಗಿನಿಂದ ಬಾಗಿಲು ಹಾಕಿಕೊಂಡರು. ಬಾಗಿಲಿನ ಚಿಲಕ ಕೂರುತ್ತಿರಲಿಲ್ಲವೆಂದು ಆಗ ಗೊತ್ತಾಯಿತು, ಅದು ಪ್ರತಿ ಸಲ ಕಿರ್ರೆಂದು ತೆರೆದುಕೊಳ್ಳುತ್ತಿತ್ತು. ಮೂರು ವರ್ಷದಲ್ಲಿ ನಾನು ಆ ಬಾಗಿಲನ್ನು ಹೊರಗಿನಿಂದ ಮಾತ್ರ ನೋಡಿದ್ದೆ. ಹೊರಗೆ ಬಂದು ನಳ ತಿರುಗಿಸಿ ನೀರಿಗೆ ಕೈ ಹಿಡಿದರು, ತಟ್ಟನೆ ಹಿಂದಕ್ಕೆಳೆದರು. ಟ್ಯಾಂಕು ಚಾವಣಿಯ ಮೇಲೆ ಬಿಸಿಲಲ್ಲಿತ್ತು. ನನ್ನ ಕೈಯನ್ನೂ ಹಿಡಿದು ನೀರಿನ ಕೆಳಗೆ ಒಡ್ಡಿಸಿದರು. ಚಹಾಪುಡಿ ಹಾಕುವುದೊಂದೇ ಬಾಕಿ. ಇದನ್ನೇ ಕುಡಿಯುತ್ತಾರಾ ಎಂದರು. ಕುಡಿಯುವ ನೀರು ತಂಪಾಗಿ ಮತ್ತು ಶುದ್ಧವಾಗಿ ದೊರೆಯುತ್ತಿದೆ ಎಂಬುದು ನನ್ನ ಆರನೆಯ ಉತ್ತರ, ಅದು ಅವರ ಚೀಲದಲ್ಲಿತ್ತು.

ಆಮೇಲೆ ಕಾವಲಿನವನಿಗೆ ಅರಬ್ಬಿಯಲ್ಲಿ ಏನೋ ಹೇಳಿ ಕುರ್ಚಿ ತರಲು ಕಳಿಸಿದರು. ಕುರ್ಚಿ ತಂದ ಮೇಲೆ ಅದಲ್ಲ ಇನ್ನೊಂದು ಎಂದರು. ಅವನು ಮತ್ತೆ ಹೋದ ಮೇಲೆ ತಾವು ನೆಲದ ಮೇಲೆ ಚಾಪೆಯ ಅಂಚಿಗೆ ಕೂತರು. ಅವರಿಗೆ ಕುರ್ಚಿ ಬೇಡವಾಗಿತ್ತು, ಅವನು ಅಲ್ಲಿ ಇರುವುದು ಬೇಡವಾಗಿತ್ತು. ಈ ಸಣ್ಣ ಉಪಾಯ ಮೂರು ವರ್ಷದಲ್ಲಿ ನನಗೆ ಹೊಳೆಯದೆ ಹೋದದ್ದಕ್ಕೆ ಬುದ್ಧಿಯ ಕೊರತೆ ಕಾರಣವಲ್ಲ. ನನಗೂ ಅವನಿಗೂ ಸ್ನೇಹವಿತ್ತು, ಅವನು ನನಗೆ ಖರ್ಜೂರ ಕಟ್ಟಿಕೊಡುತ್ತಿದ್ದ.

"ಈಗ ಕೇಳಿ," ಎಂದರು ಮೇಟ್ರನ್. "ಹೊಟ್ಟೆಗೆ ಸಾಕಾಗುತ್ತದಾ ಎಂದು ಒಬ್ಬೊಬ್ಬರನ್ನೂ ಕೇಳಿ."

ಕೋಣೆಯಲ್ಲಿ ಕರಾವಳಿಯವರು ಆರೇಳು ಜನ. ನಾನು ಕ್ರಮವಾಗಿ ಹೋದೆ. ಊಟ ಆಯ್ತಾ? ಆಯ್ತು. ಊಟ ಆಯ್ತಾ? ಆಯ್ತು, ನಿಮ್ದು? ಗೋಡೆಗೊರಗಿ ಕಾಲು ಚಾಚಿ ಕೂತಿದ್ದ ಅಡುಗೆಯವರು ಏಳಲು ನೋಡಿ ಆಗದೆ, ಕೂತಲ್ಲಿಂದಲೇ, "ಆಯ್ತು ಸಾರ್," ಎಂದರು. ನಾನು ತಿರುಗಿ ಇಂಗ್ಲಿಷಿನಲ್ಲಿ ಹೇಳಿದೆ. ಎಲ್ಲರೂ ತೃಪ್ತಿಯಿಂದಿದ್ದಾರೆ.

ಮೇಟ್ರನ್ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಆಗ ಹೊರಗೆ ನಮ್ಮ ಕಂಪನಿಯ ವ್ಯಾನಿನ ಹಾರ್ನು ಕೇಳಿತು. ಸುದ್ದಿ ಮುಟ್ಟಿ ಮ್ಯಾನೇಜರು ಗಾಬರಿಯಿಂದ ಒಂದು ಗಂಟೆಯ ಊಟವನ್ನು ಹನ್ನೊಂದೂವರೆಗೇ ಅಟ್ಟಿದ್ದರು. ಹಾರ್ನಿನ ಸದ್ದಿಗೆ ಕೋಣೆಯಲ್ಲಿದ್ದ ಅಷ್ಟೂ ಜನ ತಟ್ಟೆ ಹಿಡಿದು ಬಾಗಿಲಿಗೆ ಸಾಲು ನಿಂತರು. ಅಡುಗೆಯವರು ಮಾತ್ರ ನಿಲ್ಲಲಾಗದೆ ತಟ್ಟೆಯನ್ನು ಪಕ್ಕದವನ ಕೈಗೆ ಕೊಟ್ಟರು.

"ಇವರು ಏನೆಂದರು ಅಂದಿರಿ?" ಎಂದು ಮೇಟ್ರನ್ ಕೇಳಿದರು.

"ಊಟ ಆಗಿದೆ ಅಂದರು."

"ಊಟ ಈಗ ಬಂತು."

ನಾನು ವಿವರಿಸಿದೆ. ನಮ್ಮ ಕಡೆ ಅದು ಪದ್ಧತಿ, ಕೇಳುವವರು ಹಾಗೆ ಕೇಳುತ್ತಾರೆ, ಹೇಳುವವರು ಹಾಗೆ ಹೇಳುತ್ತಾರೆ, ಇಲ್ಲವೆನ್ನುವುದು ಸಂಸ್ಕಾರವಲ್ಲ. ನನ್ನ ಸಂಸ್ಕೃತಿಯ ಬಗ್ಗೆ ನಾನು ಅಷ್ಟು ಚೆನ್ನಾಗಿ ಮಾತಾಡಿದ್ದು ಮೊದಲಿಲ್ಲ, ಆಮೇಲಿಲ್ಲ. ಅವರು ಪೂರ್ತಿ ಕೇಳಿದರು.

"ಝಾಂಜಿಬಾರಿನಲ್ಲೂ ಹೀಗೇ," ಎಂದರು. "ಅದಕ್ಕೇ ನಾವು ಅದನ್ನು ನೆಂಟರ ಹತ್ತಿರ ಕೇಳುತ್ತೇವೆ, ರೋಗಿಗಳ ಹತ್ತಿರ ಕೇಳುವುದಿಲ್ಲ. ನಿನ್ನೆ ಬೆಳಿಗ್ಗೆ ಏನು ತಿಂದಿರಿ, ಮಧ್ಯಾಹ್ನ ಏನು, ಎಷ್ಟು ಅಂತ ಕೇಳಿ. ನಾನು ಕಾಯುತ್ತೇನೆ."

ಕೇಳಿದೆ. ಬಾಯಿ ಬಿಡಿಸಲು ಸ್ವಲ್ಪ ಹೊತ್ತು ಹಿಡಿಯಿತು, ಬಿಟ್ಟ ಮೇಲೆ ನಿಲ್ಲಿಸಲು ಇನ್ನೂ ಹೊತ್ತು ಹಿಡಿಯಿತು. ಮೊದಲು ಮಾತಾಡಿದವರು ಅಡುಗೆಯವರೇ, ಅದೂ ದೂರಿನ ದನಿಯಲ್ಲಿ ಅಲ್ಲ, ಕಸುಬುದಾರನ ಬೇಸರದಲ್ಲಿ.

"ಇಷ್ಟು ಜನಕ್ಕೆ ಈ ಬೇಳೆ ಸಾಕಾಗುವುದಿಲ್ಲ ಸಾರ್. ನೀರು ಹಾಕಿ ಹಾಕಿ ಉದ್ದ ಮಾಡ್ತಾರೆ. ಮಾಡುವವನದ್ದು ತಪ್ಪಲ್ಲ, ಕೊಟ್ಟದ್ದರಲ್ಲಿ ಮಾಡ್ತಾನೆ ಅವ."

ಅಷ್ಟರಲ್ಲಿ ಮೇಟ್ರನ್ ಅಡುಗೆಯವರ ಪಕ್ಕಕ್ಕೆ ಸರಿದು ಕೂತಾಗಿತ್ತು. ಮೂಗು ಒಂದು ಸಲ ಅರಳಿಸಿದರು, ಲುಂಗಿಯ ಚೂರನ್ನು ಬಿಚ್ಚತೊಡಗಿದರು. ಅಡುಗೆಯವರು ಬೇಡ ಬೇಡವೆಂದು ಕಾಲು ಎಳೆದುಕೊಂಡರು. ಹೆಂಗಸು, ಹಿರಿಯಳು, ತನ್ನ ಕಾಲು ಮುಟ್ಟುವುದೆಂದರೆ ಅವರಿಗೆ ನಾಚಿಕೆ. ಮೇಟ್ರನ್ ಬಿಡಲಿಲ್ಲ. ಕೊನೆಯ ಸುತ್ತು ಚರ್ಮಕ್ಕೆ ಅಂಟಿಕೊಂಡಿತ್ತು. ಹೆಬ್ಬೆರಳು ಪೂರಾ ಕಪ್ಪಾಗಿತ್ತು, ಕಪ್ಪು ಪಾದದ ಅರ್ಧಕ್ಕೆ ಹತ್ತಿತ್ತು. ಆ ವಾಸನೆಯನ್ನು ಫಿನೈಲಿನದ್ದೆಂದು ನಾನು ತಿಂಗಳ ಹಿಂದೆ ತಿಳಿದಿದ್ದೆ, ಅಥವಾ ತಿಳಿದುಕೊಳ್ಳಲು ನನಗೆ ಮನಸ್ಸಿತ್ತು.

"ಸಕ್ಕರೆ ಕಾಯಿಲೆ ಇದೆಯಾ ಕೇಳಿ."

ಕೇಳಿದೆ. ಉಂಟು ಎಂದರು. ಬಂದ ದಿನ ಕಾಯಿಲೆ ಉಂಟಾ ಎಂದು ಕೇಳಿದ್ದಕ್ಕೆ ಇಲ್ಲವೆಂದಿದ್ದರು. ಕಾಯಿಲೆಯವರ ಟಿಕೆಟ್ಟು ತಡವಾಗುತ್ತದೆಂದು ಒಳಗೆ ಮಾತಿತ್ತಂತೆ.

"ಮಾತ್ರೆ ತೆಗೆದುಕೊಳ್ಳುತ್ತಿಲ್ಲವಾ?"

ಈ ಪ್ರಶ್ನೆಯನ್ನು ಭಾಷಾಂತರ ಮಾಡುವುದು ನನ್ನಿಂದ ಆಗಲಿಲ್ಲ. ಅವರ ಪರವಾಗಿ ನಾನೇ ಉತ್ತರ ಕೊಟ್ಟೆ. ರುಸೈಲಿನಲ್ಲಿದೆ, ತಂದುಕೊಡಲು ನನಗೆ ಹೇಳಿದ್ದರು, ನಾನು ತರಲಿಲ್ಲ ಎಂದೆ. ಮೇಟ್ರನ್ ನನ್ನನ್ನು ಬೈಯುತ್ತಾರೆಂದು ಕಾದೆ. ಅವರು ಬೈಯಲಿಲ್ಲ, ಪುಸ್ತಕದಲ್ಲಿ ಬರೆದುಕೊಂಡರು. ಬೈದಿದ್ದರೆ ಇಷ್ಟು ವರ್ಷ ನೆನಪಿಟ್ಟುಕೊಳ್ಳುತ್ತಿರಲಿಲ್ಲವೇನೋ. ಅರ್ಧ ಗಂಟೆಯಲ್ಲಿ ಮುಖ್ಯಸ್ಥರು ತಮ್ಮ ಸ್ವಂತ ಕಾರಿನ ಹಿಂದಿನ ಸೀಟಿನಲ್ಲಿ ಅಡುಗೆಯವರನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಹೊರಟರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮೂರು ವರ್ಷ ನನ್ನ ವರದಿಯನ್ನು ನಂಬಿದ್ದವರಿಗೆ ಅಷ್ಟು ಹಕ್ಕಿತ್ತು.

ಆಮೇಲೆ ಸುಧಾರಣೆ ಎಂಬುದು ಎಷ್ಟು ಬೇಗ ಆಯಿತೆಂದರೆ, ಅದು ಇಷ್ಟು ವರ್ಷ ಎಲ್ಲಿ ಅಡಗಿತ್ತೆಂದು ಕೇಳಬೇಕು. ಟ್ಯಾಂಕಿಗೆ ನೆರಳು, ನೀರಿಗೆ ಕೂಲರ್, ಕಕ್ಕಸಿಗೆ ಚಿಲಕ, ವಾರಕ್ಕೊಮ್ಮೆ ಡಾಕ್ಟರು. ಒಳಗೆ ಬರುವವರ ಪೆಟ್ಟಿಗೆ, ಔಷಧಿ ಅವರೊಂದಿಗೇ ಬರಬೇಕೆಂಬ ನಿಯಮ. ಇವೆಲ್ಲಕ್ಕೂ ಬೇಕಾಗಿದ್ದ ದೊಡ್ಡ ಯೋಜನೆಯೇನೆಂದರೆ, ನಮ್ಮಲ್ಲಿ ಯಾರಿಗೂ ಏನೂ ಆಗಬೇಕಾಗಿರದ ಒಬ್ಬ ಹೆಂಗಸು ಹೇಳದೆ ಕೇಳದೆ ಬಂದು ಚಾಪೆಯ ಮೇಲೆ ಕೂರುವುದು. ಮೇಟ್ರನ್ ಆಮೇಲೂ ಬರುತ್ತಿದ್ದರು, ಒಮ್ಮೆ ಎರಡು ದಿನಕ್ಕೆ, ಒಮ್ಮೆ ಎರಡು ತಿಂಗಳಿಗೆ. ಯಾವತ್ತು ಬರುತ್ತಾರೆಂದು ತಿಳಿಯದೆ ನಮ್ಮ ಸೂಪರ್‌ವೈಸರ್ ದಿನವೂ ನೆಲ ತೊಳೆಸಬೇಕಾಯಿತು. ಇದೆಂಥ ಅನ್ಯಾಯ, ದಿನಾ ತೊಳೆದರೆ ಮನುಷ್ಯ ಬದುಕುವುದು ಹೇಗೆ ಎಂದು ಅವನು ಪ್ಲೈವುಡ್ಡಿನ ಮೇಲಿನಿಂದ ನನ್ನ ಹತ್ತಿರ ಗೋಳಾಡಿದ.

ಗುತ್ತಿಗೆ ಕೈತಪ್ಪಿತು. ಮ್ಯಾನೇಜರು ನನ್ನ ಸ್ಟಾಂಪನ್ನು ತೆಗೆದುಕೊಂಡು ಡ್ರಾಯರಿನಲ್ಲಿ ಬೀಗ ಹಾಕಿಟ್ಟರು, ಏನೋ ಮುಂದೆ ಬೇಕಾದರೆ ಎಂದು. ಪ್ಲೈವುಡ್ ಬಿಚ್ಚಿ ಸ್ಟೋರಿನ ಕಪಾಟಿಗೆ ಹಲಗೆ ಮಾಡಿದರು. ನಾನು ಮತ್ತೆ ಪರತಂತ್ರನಾಗಿ ಹಳೆಯ ಜಾಗದಲ್ಲಿ ಕೂತು ಇಂಡೆಂಟ್ ಟೈಪ್ ಮಾಡತೊಡಗಿದೆ. ತೊಂಬತ್ತರ ದಶಕದಲ್ಲಿ ಬೇರೆ ಕಂಪನಿ ಸೇರಿದ ಮೇಲೆ ಆ ಬಂಧನಾಲಯಕ್ಕೆ ಒಮ್ಮೆ ಯಾರಿಗೋ ದುಭಾಷಿಯಾಗಿ ಹೋಗಿದ್ದೆ. ನಳದ ನೀರು ತಣ್ಣಗಿತ್ತು. ಒಳಗಿದ್ದವನೊಬ್ಬ ನನ್ನ ಮುಖ ನೋಡಿ, ಸಾರು ಚೂರು ಉಪ್ಪಾಯ್ತು ಇವತ್ತು, ಹೇಳಿ ಸ್ವಲ್ಪ ಎಂದ. ಅಷ್ಟು ಸಂಕೋಚವಿಲ್ಲದ ದೂರನ್ನು ನಾನು ಅಲ್ಲಿ ಅದುವರೆಗೆ ಕೇಳಿರಲಿಲ್ಲ, ಕೇಳಿ ನನಗೆ ಬಹಳ ಸಂತೋಷವಾಯಿತು.

ಆದರೆ ಇಷ್ಟೂ ಆದದ್ದು ಒಬ್ಬರ ಕಾಲಿನ ಲೆಕ್ಕದಲ್ಲಿ. ಆ ಜುಲೈಗೆ ಮರಳಿ, ಕಾಲಿನ ವಿಷಯ ಹೇಳಿ ಮುಗಿಸುತ್ತೇನೆ.

ಮೊದಲು ಬೆರಳುಗಳನ್ನು ತೆಗೆದರು. ಐದು ದಿನದ ಮೇಲೆ ಮೊಣಕಾಲಿನ ಕೆಳಗೆ ಕತ್ತರಿಸಿದರು. ನಾನು ರುಸೈಲಿಗೆ ಹೋಗಿ ಅವರ ಪೆಟ್ಟಿಗೆ ತಂದೆ, ಮಾತ್ರೆಯ ಡಬ್ಬಿ ಮೇಲೆಯೇ ಇತ್ತು, ಒಂದು ಟವಲಿನಲ್ಲಿ ಸುತ್ತಿ. ಹೋಗಿ ಬರಲು ಒಂದು ಗಂಟೆ ಹಿಡಿಯಲಿಲ್ಲ. ವಾರ್ಡಿನ ಹೊರಗೆ ಸಿಕ್ಕಿದ ಡಾಕ್ಟರು ಮಲಯಾಳಿ, ನಾನು ರೋಗಿಯ ಸಂಬಂಧಿಕನೆಂದು ತಿಳಿದು ಬೇಸರದಿಂದ ಹೇಳಿದರು. ಒಂದು ತಿಂಗಳ ಹಿಂದೆ ಯಾರಾದರೂ ಕಾಲು ನೋಡಿದ್ದರೆ ಬೆರಳಿನಲ್ಲಿ ಮುಗಿಯುತ್ತಿತ್ತು. ಒಂದು ತಿಂಗಳ ಹಿಂದೆ ಕಾಲು ನೋಡಿದವನು ನಾನು. ಅದಕ್ಕೆ ನನ್ನ ಸಹಿ ಉಂಟು, ದಿನಾಂಕ ಉಂಟು.

ಒಳಗೆ ಹೋದಾಗ ಅವರು ದಿಂಬಿಗೆ ಒರಗಿ ಕೂತಿದ್ದರು. ಹೊದಿಕೆಯ ಒಂದು ಕಡೆ ಚಪ್ಪಟೆಯಾಗಿತ್ತು. ಪೆಟ್ಟಿಗೆ ನೋಡಿ, ಇಷ್ಟು ಬಿಸಿಲಲ್ಲಿ ಯಾಕೆ ಹೊತ್ತು ತಂದಿರಿ ಎಂದರು. ನನಗೆ ಅಲ್ಲಿಂದ ಓಡಬೇಕೆನಿಸಿತು. ತಪ್ಪು ನನ್ನದು ಎಂದು ಹೇಳಲು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು, ಅವರಿಗೆ ನನ್ನಿಂದ ಬೇರೆ ಕೆಲಸ ಆಗಬೇಕಿತ್ತು.

"ಪಾಸ್‌ಪೋರ್ಟು ಸಿಕ್ಕಿತಂತೆ ಸಾರ್. ಬರುವ ವಾರ ಕಳಿಸ್ತಾರಂತೆ. ಅದಕ್ಕಿಂತ ಮೊದಲು ಮನೆಗೆ ಒಂದು ಕಾಗದ ಹೋಗ್ಬೇಕು. ಮನೆಯಲ್ಲಿ ನಾನು ಜೈಲಲ್ಲಿ ಇದ್ದದ್ದು ಗೊತ್ತಿಲ್ಲ. ಮಗಳ ಮದುವೆ ಮಾತುಕತೆ ನಡೀತಾ ಉಂಟು, ಗೊತ್ತಾಗ್ಲಿಕ್ಕೂ ಬಾರದು."

"ಏನಂತ ಬರೆಯಲಿ?"

"ಕ್ಯಾಂಟೀನಲ್ಲಿ ದೊಡ್ಡ ಪಾತ್ರೆ ಬಿದ್ದು ಕಾಲಿಗೆ ಪೆಟ್ಟಾಯ್ತು ಅಂತ ಬರೀರಿ. ಕೂಡ್ಲೇ ಆಸ್ಪತ್ರೆಗೆ ಸೇರಿಸಿದ್ರು, ಎಲ್ಲರೂ ಚೆನ್ನಾಗಿ ನೋಡ್ಕೊಂಡ್ರು, ಊಟಕ್ಕೆ ಎಂಥ ತೊಂದರೆ ಇಲ್ಲ ಅಂತ ಬರೀರಿ. ನಾನು ಬರೆದ್ರೆ ಹೆಂಡತಿಗೆ ಸಂಶಯ ಬರ್ತದೆ. ನೀವು ಬರೆದ್ರೆ ಯಾರಾದ್ರೂ ನಂಬ್ತಾರೆ."

ವ್ಯಂಗ್ಯಕ್ಕೆ ಹೇಳಿದ್ದೋ ಎಂದು ಅವರ ಮುಖ ನೋಡಿದೆ. ವ್ಯಂಗ್ಯ ಇರಲಿಲ್ಲ. ನನ್ನ ಮೇಲೆ ಅವರಿಗೆ ನಿಜವಾಗಿ ಭರವಸೆ ಇತ್ತು.

ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ಪೆಟ್ಟಿಗೆಯ ಮುಚ್ಚಳದ ಮೇಲೆ ಕಾಗದ ಇಟ್ಟು, ಅವರು ಹೇಳಿದ್ದಷ್ಟನ್ನೂ ಬರೆದೆ. ಓದಿ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು, ಒಂದು ಅಕ್ಷರವನ್ನೂ ತಿದ್ದಿಸಲಿಲ್ಲ.